ಚಕ್ರದ ಹಿಂದೆ ಚಕ್ರ: ಕರಾವಳಿಯಲ್ಲಿ ರೋಡ್ ಸೈಕ್ಲಿಂಗ್ ತಂಡ ಸೇರುವವರಿಗೆ

ಮಳೆ ಬಿಟ್ಟು ಅಕ್ಟೋಬರ್ ಬಂತೆಂದರೆ ಒಂದೇ ಪ್ರಶ್ನೆ ಹತ್ತು ಕಡೆಯಿಂದ ಬರುತ್ತದೆ: "ನಿಮ್ಮ ತಂಡದ ಜೊತೆ ನಾನೂ ತುಳಿಯಬೇಕು, ಯಾವ ಸೈಕಲ್ ತೆಗೆದುಕೊಳ್ಳಲಿ?" ಕೇಳುವವರಲ್ಲಿ ಬ್ಯಾಂಕಿನವರಿದ್ದಾರೆ, ಮಣಿಪಾಲದ ವಿದ್ಯಾರ್ಥಿಗಳಿದ್ದಾರೆ, ರಕ್ತದ ವರದಿ ನೋಡಿ ವೈದ್ಯರು ಗದರಿಸಿ ಕಳುಹಿಸಿದವರೂ ಇದ್ದಾರೆ. ಸೈಕಲ್ಲಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ತಂಡದಲ್ಲಿ ತುಳಿಯುವುದು ಹೇಗೆ ಎಂದು ಕೇಳಿದವರನ್ನು ನಾನು ಒಂದು ಕೈಯ ಬೆರಳುಗಳಲ್ಲಿ ಎಣಿಸಬಲ್ಲೆ. ಪ್ರತಿಯೊಬ್ಬರಿಗೂ ಫೋನಿನಲ್ಲಿ ಅದೇ ಪುರಾಣ ಓದುವ ಬದಲು ಒಮ್ಮೆ ಬರೆದು ಮುಗಿಸುತ್ತೇನೆ.

ಹವ್ಯಾಸಿ ತಂಡವೆಂದರೆ ಸಂಬಳವಿಲ್ಲದ, ಒಂದೇ ಬಣ್ಣದ ಜೆರ್ಸಿ ತೊಟ್ಟ, ಭಾನುವಾರ ಬೆಳಿಗ್ಗೆ ಐದೂವರೆಗೆ ಒಂದು ಕಡೆ ಸೇರುವ ಹತ್ತು ಇಪ್ಪತ್ತು ಜನ. ವರ್ಷಕ್ಕೆ ಒಂದೆರಡು ಸ್ಪರ್ಧೆ, ಒಂದೆರಡು ದೂರದ ಸವಾರಿ, ಉಳಿದದ್ದೆಲ್ಲ ಅಭ್ಯಾಸ. ಇಲ್ಲಿ ನಿಮ್ಮಿಂದ ಮೊದಲು ಬೇಡುವುದು ವೇಗವನ್ನಲ್ಲ. ಮುಂದಿನ ಕ್ಷಣ ನೀವು ಏನು ಮಾಡುತ್ತೀರಿ ಎಂಬುದು ನಿಮ್ಮ ಹಿಂದಿನ ಸವಾರನಿಗೆ ಮೊದಲೇ ತಿಳಿದಿರಬೇಕು, ಅಷ್ಟೇ. ಕೆಳಗಿನ ಹಂತಗಳೆಲ್ಲ ಅದಕ್ಕಾಗಿಯೇ ಇವೆ.

1. ಇರುವ ಸೈಕಲ್ಲನ್ನೇ ಮೊದಲು ತುಳಿಯಿರಿ

ರೋಡ್ ಬೈಕ್ ಎಂದರೆ ಸಪೂರ ಟಯರು, ಹಗುರ ಫ್ರೇಮು, ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿದ ಹ್ಯಾಂಡಲ್ ಇರುವ ಸೈಕಲ್. ಹೊಸದು ಸಾಧಾರಣವಾಗಿ ಅರ್ಧ ಲಕ್ಷದ ಆಸುಪಾಸಿನಲ್ಲಿ ಶುರುವಾಗುತ್ತದೆ, ಕೊನೆಗೆ ಎಲ್ಲಿ ನಿಲ್ಲುತ್ತದೆ ಎಂದು ಕೇಳಬೇಡಿ. ಮನೆಯಲ್ಲಿ ಗೇರ್ ಇರುವ ಹೈಬ್ರಿಡ್ ಸೈಕಲ್, ಅಂದರೆ ನೇರ ಹ್ಯಾಂಡಲ್ಲಿನ ತೆಳು ಟಯರಿನ ಸೈಕಲ್ ಇದ್ದರೆ ಮೊದಲ ಎರಡು ತಿಂಗಳಿಗೆ ಅದು ಧಾರಾಳ ಸಾಕು. ಹೊಸದಾಗಿ ಕೊಂಡವರಲ್ಲಿ ಅನೇಕರ ಸೈಕಲ್ ಮಾರ್ಚ್ ಹೊತ್ತಿಗೆ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವ ಸಾಧನವಾಗಿರುತ್ತದೆ. ಅಂಥವನ್ನು ಹುಡುಕಿದರೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಸಿಗುತ್ತದೆ.

ಕೊಳ್ಳುವುದಾದರೆ ಎರಡೇ ಮಾತು. ಫ್ರೇಮಿನ ಅಳತೆ ನಿಮ್ಮ ಎತ್ತರಕ್ಕೆ ಸರಿಯಾಗಿರಲಿ. ರಿಯಾಯಿತಿಯ ಆಸೆಗೆ ಒಂದು ಅಳತೆ ದೊಡ್ಡದನ್ನು ತಂದರೆ ಬೆನ್ನು ಮತ್ತು ಕುತ್ತಿಗೆ ದಿನವೂ ಅದರ ಬಡ್ಡಿ ವಸೂಲಿ ಮಾಡುತ್ತವೆ. ಇನ್ನೊಂದು, 28 ಅಥವಾ 32 ಮಿ.ಮೀ. ಅಗಲದ ಟಯರು ಹಿಡಿಯುವ ಫ್ರೇಮನ್ನೇ ಆರಿಸಿ. ನಮ್ಮ ಒಳರಸ್ತೆಗಳಿಗೆ 23 ಮಿ.ಮೀ. ಟಯರು ತರುವುದು ಹಲ್ಲಿಲ್ಲದವನು ಕಬ್ಬು ಕೊಂಡಂತೆ.

2. ಸೀಟಿನ ಎತ್ತರ ಸರಿಮಾಡಿ

ಗೋಡೆಗೆ ಆನಿಕೊಂಡು ಸೀಟಿನ ಮೇಲೆ ಕುಳಿತು, ಹಿಮ್ಮಡಿಯನ್ನು ಪೆಡಲಿನ ಮೇಲಿಟ್ಟು ಅದನ್ನು ಅತ್ಯಂತ ಕೆಳಕ್ಕೆ ತನ್ನಿ. ಮೊಣಕಾಲು ನೇರವಾಗಬೇಕು, ಆದರೆ ಸೊಂಟ ಒಂದು ಬದಿಗೆ ವಾಲಬಾರದು. ಆಮೇಲೆ ಪಾದದ ಮುಂಭಾಗದಿಂದ ತುಳಿದಾಗ ಮೊಣಕಾಲಿನಲ್ಲಿ ತುಸು ಬಾಗು ಉಳಿಯುತ್ತದೆ. ಮೊಣಕಾಲಿನ ಮುಂದೆ ನೋವು ಬಂದರೆ ಸಾಮಾನ್ಯವಾಗಿ ಸೀಟು ತಗ್ಗಾಗಿದೆ ಎಂದು ಅರ್ಥ, ಹಿಂಬದಿಯಲ್ಲಿ ಬಂದರೆ ಎತ್ತರವಾಗಿದೆ. ಒಂದೇ ಸಲಕ್ಕೆ ಹೆಚ್ಚು ಬದಲಿಸಬೇಡಿ. ಅರ್ಧ ಸೆಂಟಿಮೀಟರ್ ಬದಲಿಸಿ, ಒಂದು ವಾರ ತುಳಿದು ನೋಡಿ.

ಕ್ಲೀಟ್, ಅಂದರೆ ಶೂವಿನ ಅಡಿಗೆ ತಿರುಪು ಹಾಕಿ ಪೆಡಲಿಗೆ ಸಿಕ್ಕಿಸುವ ಕೊಕ್ಕೆ, ಈಗಲೇ ಬೇಡ. ಮೂರು ತಿಂಗಳ ಮೇಲೆ ನೋಡೋಣ. ಹಾಕಿಕೊಂಡ ಮೊದಲ ವಾರ ಸಿಗ್ನಲ್ಲಿನಲ್ಲಿ ನಿಂತಲ್ಲೇ ಬೀಳುವುದು ಎಲ್ಲರ ಹಣೆಬರಹ, ಅದನ್ನು ಮಂಗಳೂರಿನ ನಂತೂರಿನಂಥ ವಾಹನ ತುಂಬಿದ ವೃತ್ತದಲ್ಲಿ ಅನುಭವಿಸುವುದು ಬೇಡ, ಮನೆಯ ಅಂಗಳದಲ್ಲೇ ಮುಗಿಸಿಕೊಳ್ಳಿ.

3. ಚೀಲದಲ್ಲಿ ಇರಲೇಬೇಕಾದದ್ದು

ಹೆಲ್ಮೆಟ್ ಇಲ್ಲದವರನ್ನು ಯಾವ ತಂಡವೂ ಸೇರಿಸಿಕೊಳ್ಳುವುದಿಲ್ಲ, ಇಲ್ಲಿಗೆ ಆ ವಿಷಯ ಮುಗಿಯಿತು. ವೃತ್ತಿಪರರಿಗೂ ಅದು ಮೊದಲಿನಿಂದ ಕಡ್ಡಾಯವಾಗಿರಲಿಲ್ಲ. 2003ರಲ್ಲಿ ಪ್ಯಾರಿಸ್–ನೀಸ್ ಸ್ಪರ್ಧೆಯಲ್ಲಿ ಆಂದ್ರೇ ಕಿವಿಲೆವ್ ಬಿದ್ದು ತೀರಿಕೊಂಡ ಮೇಲೆ ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಹೆಲ್ಮೆಟ್ಟನ್ನು ಕಡ್ಡಾಯ ಮಾಡಿತು.

ಸೀಟಿನ ಕೆಳಗಿನ ಪುಟ್ಟ ಚೀಲದಲ್ಲಿ ಎರಡು ಟ್ಯೂಬು, ಎರಡು ಟಯರ್ ಲಿವರ್, ಅಂದರೆ ಟಯರು ಎಬ್ಬಿಸುವ ಪ್ಲಾಸ್ಟಿಕ್ ಸನಿಕೆ, ಅಲನ್ ಕೀಗಳ ಒಂದು ಗೊಂಚಲು. ಫ್ರೇಮಿಗೆ ಸಣ್ಣ ಪಂಪು. ಮುಂದೆ ಬಿಳಿ, ಹಿಂದೆ ಕೆಂಪು ದೀಪ. ಜೆರ್ಸಿಯ ಜೇಬಿನಲ್ಲಿ ಹೆಸರು, ರಕ್ತದ ಗುಂಪು, ಮನೆಯವರ ಫೋನ್ ಸಂಖ್ಯೆ ಬರೆದ ಕಾಗದ. ಬೀಗ ಹಾಕಿದ ಮೊಬೈಲಿನೊಳಗಿನ ಸಂಖ್ಯೆ ದಾರಿಹೋಕರಿಗೆ ಸಿಗುವುದಿಲ್ಲ. ತುರ್ತಿಗೆ 112, ಆಂಬುಲೆನ್ಸಿಗೆ 108, ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033. ಇವು ಬಾಯಿಪಾಠವಾಗಿರಲಿ.

ಪಂಕ್ಚರ್ ಹಾಕುವುದನ್ನು ಮನೆಯಲ್ಲಿ ಮೂರು ಸಲ ಮಾಡಿ ಕಲಿಯದೆ ತಂಡಕ್ಕೆ ಬರಬೇಡಿ. ಹಿಂದಿನ ಚಕ್ರ ಬಿಚ್ಚುವ ಮೊದಲು ಚೈನನ್ನು ಅತಿ ಸಣ್ಣ ಹಲ್ಲುಚಕ್ರಕ್ಕೆ ಇಳಿಸಿ, ಇಲ್ಲದಿದ್ದರೆ ಮತ್ತೆ ಕೂರಿಸುವಾಗ ಕೈಯೆಲ್ಲ ಮಸಿ. ಟಯರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ ಟ್ಯೂಬು ಹೊರತೆಗೆಯಿರಿ. ಇನ್ನು ಬರುವುದು ಹೊಸಬರು ತಪ್ಪದೆ ಬಿಟ್ಟುಬಿಡುವ ಕೆಲಸ: ಟಯರಿನ ಒಳಮೈ ಮೇಲೆ ಬೆರಳನ್ನು ನಿಧಾನವಾಗಿ ಒಂದು ಸುತ್ತು ಆಡಿಸಿ. ಮುಳ್ಳು, ಗಾಜಿನ ಚೂರು, ಲಾರಿ ಟಯರು ಸಿಡಿದಾಗ ಉದುರಿದ ಕೂದಲಿನಷ್ಟು ಸಪೂರ ತಂತಿ, ಏನೋ ಒಂದು ಅಲ್ಲಿ ಇದ್ದೇ ಇರುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಒಂದು ಮೈಲಿಯೊಳಗೆ ಅದೂ ಹೋಯಿತು. ಹೊಸ ಟ್ಯೂಬಿಗೆ ಆಕಾರ ಬರುವಷ್ಟು ಗಾಳಿ ತುಂಬಿಸಿ ಒಳಗಿಡಿ, ಅಂಚನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಿ. ಲಿವರಿನಿಂದ ತಳ್ಳಿದರೆ ಟ್ಯೂಬನ್ನು ನೀವೇ ಕಚ್ಚಿಸುತ್ತೀರಿ. ಟ್ಯೂಬು ಎಲ್ಲಿಯೂ ಟಯರಿನ ಅಂಚಿಗೆ ಸಿಕ್ಕಿಕೊಂಡಿಲ್ಲ ಎಂದು ಎರಡೂ ಕಡೆ ಹಿಂಡಿ ನೋಡಿ, ಆಮೇಲೆ ಪೂರ್ತಿ ಗಾಳಿ. ರೋಡ್ ಬೈಕಿನ ಟ್ಯೂಬಿಗೆ ಸಾಮಾನ್ಯವಾಗಿ ಪ್ರೆಸ್ಟಾ ವಾಲ್ವ್ ಇರುತ್ತದೆ. ಅದು ಸಪೂರ ಮೂತಿಯ ವಾಲ್ವ್, ತುದಿಯ ಪುಟ್ಟ ನಟ್ಟು ಸಡಿಲಿಸಿದರೆ ಮಾತ್ರ ಗಾಳಿ ಹೋಗುತ್ತದೆ, ಪೆಟ್ರೋಲ್ ಬಂಕಿನ ಪೈಪು ಅದಕ್ಕೆ ಕೂರುವುದಿಲ್ಲ.

4. ಒಂದು ತಿಂಗಳು ಒಬ್ಬರೇ

ವಾರಕ್ಕೆ ಮೂರು ದಿನ: ಎರಡು ದಿನ ಒಂದೊಂದು ಗಂಟೆ, ಭಾನುವಾರ ಎರಡರಿಂದ ಮೂರು ಗಂಟೆ. ಪಕ್ಕದವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುವಷ್ಟೇ ಶ್ರಮ ಇರಲಿ. ಭಾರದ ಗೇರಿನಲ್ಲಿ ಒದ್ದಾಡಬೇಡಿ. ಕೇಡೆನ್ಸ್, ಅಂದರೆ ನಿಮಿಷಕ್ಕೆ ಪೆಡಲ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ, 80ರಿಂದ 90ರ ನಡುವೆ ಇದ್ದರೆ ಮೊಣಕಾಲು ಉಳಿಯುತ್ತದೆ.

ಈ ತಿಂಗಳು ಮೂರು ವಿದ್ಯೆ ಕಲಿಯಿರಿ. ರಸ್ತೆಯಂಚಿನ ಬಿಳಿಗೆರೆಯ ಪಕ್ಕದಲ್ಲಿ ಅಲುಗಾಡದೆ ನೇರ ಸಾಗುವುದು. ನೇರ ಸಾಗುತ್ತಲೇ ಬಾಟಲಿ ತೆಗೆದು, ಕುಡಿದು, ಮತ್ತೆ ಇಡುವುದು. ಹ್ಯಾಂಡಲ್ ತಿರುಗಿಸದೆ ಹಿಂದೆ ನೋಡುವುದು. ಮೂರನೆಯದು ಕಷ್ಟ: ತಲೆ ಬಲಕ್ಕೆ ತಿರುಗಿದರೆ ಸೈಕಲ್ಲೂ ಬಲಕ್ಕೆ ಹೋಗುತ್ತದೆ. ಖಾಲಿ ಮೈದಾನದಲ್ಲಿ ಅಭ್ಯಾಸ ಮಾಡಿ. ಇದರ ಜೊತೆಗೆ, ಯಾವ ಬ್ರೇಕ್ ಲಿವರ್ ಯಾವ ಚಕ್ರದ್ದು ಎಂದು ನಿಮ್ಮ ಸೈಕಲ್ಲಿನಲ್ಲಿ ನೋಡಿಟ್ಟುಕೊಳ್ಳಿ, ಎಲ್ಲದರಲ್ಲೂ ಒಂದೇ ರೀತಿ ಇರುವುದಿಲ್ಲ.

ಒಂದು ಹಂತದಲ್ಲಿ ನಿಲ್ಲದೆ 40 ಕಿ.ಮೀ. ಆರಾಮವಾಗಿ ಆಯಿತೆಂದರೆ ನೀವು ಸಿದ್ಧ.

5. ತಂಡಕ್ಕೆ ಫೋನ್ ಮಾಡುವ ಮೊದಲು

ಮೂರು ಪ್ರಶ್ನೆ ಕೇಳಿ. ಭಾನುವಾರದ ಸರಾಸರಿ ವೇಗ ಎಷ್ಟು? ಹಿಂದೆ ಬಿದ್ದವರಿಗೆ ಕಾಯುತ್ತೀರಾ? ಹೊಸಬರ ಜೊತೆ ಯಾರಾದರೂ ಹಳಬರು ಇರುತ್ತಾರಾ? ಕಾಯುವ ಸವಾರಿಗೆ ನೋ-ಡ್ರಾಪ್ ಎನ್ನುತ್ತಾರೆ. ಮೊದಲು ಅದಕ್ಕೇ ಹೋಗಿ. "ನಮ್ಮದು ರೇಸ್ ವೇಗ, ಬಂದರೆ ಬನ್ನಿ" ಎಂದವರಿಗೆ ನಮಸ್ಕಾರ ಹೇಳಿ ಫೋನ್ ಇಡಿ. ಮಹಿಳೆಯರಿಗೆ ನನ್ನ ಸಲಹೆ: ತಂಡದಲ್ಲಿ ಈಗಾಗಲೇ ತುಳಿಯುತ್ತಿರುವ ಅಕ್ಕಂದಿರು ಯಾರಾದರೂ ಇದ್ದರೆ ಅವರೊಡನೆಯೇ ನೇರವಾಗಿ ಮಾತನಾಡಿ. ಕ್ಯಾಪ್ಟನ್ನಿನ ಬಾಯಿಂದ ಎಲ್ಲ ತಂಡವೂ ಮನೆಯಂತೆಯೇ ಇರುತ್ತದೆ.

ಬರುತ್ತೇನೆಂದು ವಾಟ್ಸ್ಆ್ಯಪ್ ಗುಂಪಿನಲ್ಲಿ ಹೇಳಿದರೆ ಬನ್ನಿ, ಆಗದಿದ್ದರೆ ರಾತ್ರಿಯೇ ತಿಳಿಸಿ. ಕತ್ತಲಲ್ಲಿ ಹನ್ನೆರಡು ಜನ ಒಬ್ಬರಿಗಾಗಿ ಕಾಯುವುದು ಬೇಡ. ಎಂಟೂವರೆಯ ಪೂಜೆಗೆ ಇಗರ್ಜಿಗೆ ಮುಟ್ಟಬೇಕಾದವರು, ಒಂಬತ್ತಕ್ಕೆ ಮೀನು ಮಾರುಕಟ್ಟೆಗೆ ಹಾಜರಿ ಹಾಕಬೇಕಾದವರು ಆ ಸಾಲಿನಲ್ಲಿರುತ್ತಾರೆ. ಐದು ನಿಮಿಷದ ತಡಕ್ಕೆ ಹಲವು ಮನೆಗಳಲ್ಲಿ ಬೆಲೆ ತೆರಬೇಕಾಗುತ್ತದೆ.

6. ಸಾಲಿನಲ್ಲಿ ಸಾಗುವುದು

ಒಬ್ಬರ ಹಿಂದೊಬ್ಬರು ಹತ್ತಿರ ಹತ್ತಿರ ಸಾಗುವ ಸಾಲಿಗೆ ಪೇಸ್‌ಲೈನ್ ಎಂದು ಹೆಸರು. ಮುಂದಿನವರು ಗಾಳಿಯನ್ನು ಸೀಳುತ್ತಾರೆ, ಹಿಂದಿನವರು ಅವರ ಮರೆಯಲ್ಲಿ ಸಾಗುತ್ತಾರೆ. ಈ ಮರೆ ಹಿಡಿಯುವುದೇ ಡ್ರಾಫ್ಟಿಂಗ್. ಸಮತಟ್ಟಾದ ರಸ್ತೆಯಲ್ಲಿ ಗಂಟೆಗೆ 30 ಕಿ.ಮೀ. ವೇಗದಲ್ಲಿ ನಿಮ್ಮ ಶ್ರಮದ ಬಹುಪಾಲು ಗಾಳಿಯನ್ನು ತಳ್ಳುವುದಕ್ಕೇ ಹೋಗುತ್ತದೆ. ಹಾಗಾಗಿ ಒಬ್ಬರೇ 25ಕ್ಕೆ ಏದುಸಿರು ಬಿಡುವವರು ಸಾಲಿನಲ್ಲಿ 30ಕ್ಕೆ ಹರಟೆ ಹೊಡೆಯಬಲ್ಲರು. ಅಲ್ಲೇ ಮೋಸಹೋಗುವುದು. ತಾನು ಬಲಶಾಲಿ ಎಂಬ ಭ್ರಮೆ ಹುಟ್ಟಿ, ತನ್ನ ಸರದಿ ಬಂದಾಗ ಮೈಮೇಲೆ ಬಂದವರಂತೆ ತುಳಿದು, ಎರಡೇ ನಿಮಿಷದಲ್ಲಿ ಸುಸ್ತಾಗಿ ಸಾಲಿನ ಬಾಲಕ್ಕೂ ಅಂಟಿಕೊಳ್ಳಲಾಗದೆ ಹಿಂದುಳಿಯುತ್ತಾರೆ.

ಮೊದಲ ನಾಲ್ಕು ಭಾನುವಾರ ಕೊನೆಯಿಂದ ಎರಡನೆಯವರಾಗಿ ಇರಿ. ಎಲ್ಲರ ಹಿಂದೆ ಒಬ್ಬ ಹಳಬರು ಇರುತ್ತಾರೆ, ಸ್ವೀಪ್ ಎಂದು ಅವರ ಕೆಲಸದ ಹೆಸರು. ಬಿದ್ದವರನ್ನು, ನಿಂತವರನ್ನು, ಅಳುವ ಮುಖದವರನ್ನು ಕರೆದುಕೊಂಡು ಬರುವುದು ಅವರ ಜವಾಬ್ದಾರಿ. ಮುಂದಿನ ಚಕ್ರಕ್ಕೂ ನಿಮ್ಮ ಚಕ್ರಕ್ಕೂ ಒಂದು ಸೈಕಲ್ಲಿನಷ್ಟು ಅಂತರ ಇಡಿ. ಕೈ ಪಳಗಿದ ಮೇಲೆ ಅದನ್ನು ಅರ್ಧಕ್ಕೆ ಇಳಿಸಬಹುದು. ಕಣ್ಣು ಮುಂದಿನವರ ಚಕ್ರದ ಮೇಲೆ ನೆಡಬಾರದು. ಅವರ ಭುಜದ ಮೇಲಿಂದ ಆಚೆ ನೋಡಿ. ಚಕ್ರವನ್ನೇ ನೋಡುತ್ತಿದ್ದರೆ ರಸ್ತೆ ನಿಮಗೆ ತಡವಾಗಿ ಕಾಣಿಸುತ್ತದೆ.

ಇದನ್ನು ಕೆಂಪು ಅಕ್ಷರದಲ್ಲಿ ಓದಿಕೊಳ್ಳಿ: ನಿಮ್ಮ ಮುಂದಿನ ಚಕ್ರ ಎಂದಿಗೂ ಮುಂದಿನವರ ಹಿಂದಿನ ಚಕ್ರದ ಪಕ್ಕಕ್ಕೆ ಹೋಗಬಾರದು. ಅವರು ಒಂದು ಗೇಣು ಸರಿದರೆ ಎರಡೂ ಚಕ್ರ ತಾಗುತ್ತವೆ. ತಾಗಿದಾಗ ಅವರಿಗೆ ಹೆಚ್ಚಿನ ಸಲ ಏನೂ ಆಗುವುದಿಲ್ಲ, ಬೀಳುವುದು ನೀವು, ನಿಮ್ಮ ಮೇಲೆ ನಿಮ್ಮ ಹಿಂದಿನವರು.

ಸರದಿ ಬದಲಾಗುವುದು ಹೀಗೆ. ಮುಂದಿರುವವರು ಹಿಂದೆ ವಾಹನವಿಲ್ಲವೆಂದು ನೋಡಿ, ಮೊಣಕೈ ಒಮ್ಮೆ ಅಲುಗಿಸಿ, ಪಕ್ಕಕ್ಕೆ ಸರಿದು ಒಂದೆರಡು ಕಿ.ಮೀ. ವೇಗ ಇಳಿಸುತ್ತಾರೆ. ಸಾಲು ಅವರನ್ನು ದಾಟುತ್ತದೆ, ಅವರು ಬಾಲಕ್ಕೆ ಸೇರಿಕೊಳ್ಳುತ್ತಾರೆ. ಹೆದ್ದಾರಿಯಲ್ಲಿ ಬಿಳಿಗೆರೆಯ ಹೊರಗೆ ಅಗಲ ಜಾಗವಿರುವಲ್ಲಿ ನಾವು ಎಡಕ್ಕೆ ಸರಿಯುತ್ತೇವೆ, ಬಲಕ್ಕೆ ಸರಿದರೆ ಬಸ್ಸಿನ ಬಾಯಿಗೆ ಬೀಳುತ್ತೇವೆ ಎಂಬ ಕಾರಣಕ್ಕೆ. ನಿಮ್ಮ ತಂಡದ ರೂಢಿ ಏನೆಂದು ಹೊರಡುವ ಮೊದಲೇ ಕೇಳಿ. ಈಗ ಮುಂದೆ ಬಂದ ನೀವು ಒಂದು ಕೆಲಸ ಮಾಡಬಾರದು: ವೇಗ ಹೆಚ್ಚಿಸುವುದು. ಗಾಳಿ ಎದೆಗೆ ಬಡಿದ ಕೂಡಲೇ ಎಲ್ಲರಿಗೂ ಪೌರುಷ ಉಕ್ಕುತ್ತದೆ. ಮೀಟರಿನಲ್ಲಿ 28 ಇದ್ದರೆ 28ರಲ್ಲೇ ಇರಲಿ. ಒಂದು ನಿಮಿಷ ಎಳೆದರೂ ಸಾಕು, ಸುಸ್ತಾಗುವ ಮೊದಲೇ ಸರಿಯಿರಿ. ಯಾರೂ ಗಡಿಯಾರ ಹಿಡಿದು ಕುಳಿತಿಲ್ಲ.

ಇನ್ನೆರಡು ಸಣ್ಣ ವಿಷಯ. ಸೀಟಿನಿಂದ ಎದ್ದು ತುಳಿಯಲು ಹೊರಟಾಗ ಸೈಕಲ್ ಒಂದು ಕ್ಷಣ ಹಿಂದಕ್ಕೆ ಜಗ್ಗಿದಂತಾಗುತ್ತದೆ. ಏಳುವ ಮುನ್ನ ಪೆಡಲನ್ನು ಸ್ವಲ್ಪ ಬಲವಾಗಿ ಒತ್ತಿ, ಆಗ ಹಿಂದಿನವರಿಗೆ ಗಾಬರಿಯಿಲ್ಲ. ಮುಂದಿನವರಿಗೆ ತೀರಾ ಹತ್ತಿರ ಬಂದರೆ ಗಕ್ಕನೆ ಬ್ರೇಕು ಹಿಡಿಯಬೇಡಿ. ತುಳಿಯುವುದನ್ನು ನಿಲ್ಲಿಸಿ, ಮೈಯನ್ನು ಸ್ವಲ್ಪ ಎತ್ತಿ ಗಾಳಿಗೆ ಒಡ್ಡಿ, ವೇಗ ತಾನೇ ಇಳಿಯುತ್ತದೆ. ಬ್ರೇಕು ಎಂಬುದು ಸಾಲಿನಲ್ಲಿ ಅಂಟುರೋಗ, ಮೊದಲನೆಯವರು ಸ್ವಲ್ಪ ಹಿಡಿದರೆ ಹತ್ತನೆಯವರು ನಿಂತೇ ಬಿಡುತ್ತಾರೆ.

7. ಕೈಸನ್ನೆ, ಕೂಗು, ಮತ್ತು ನಮ್ಮ ರಸ್ತೆ

ಮುಂದಿನವರಿಗೆ ಕಂಡದ್ದು ಹಿಂದಿನವರಿಗೆ ಕಾಣುವುದಿಲ್ಲ. ಆದ್ದರಿಂದ ಗುಂಡಿ ಕಂಡರೆ ಅದು ಇರುವ ಬದಿಯ ಕೈಯನ್ನು ಕೆಳಕ್ಕೆ ತೋರಿಸಿ "ಗುಂಡಿ" ಎನ್ನಿ. ಎಡಬದಿಯಲ್ಲಿ ನಿಂತ ರಿಕ್ಷಾ ಇದ್ದರೆ ಎಡಗೈಯನ್ನು ಬೆನ್ನ ಹಿಂದೆ ತಂದು ಬಲಕ್ಕೆ ಬೀಸಿ, ಎಲ್ಲರೂ ಬಲಕ್ಕೆ ಸರಿಯಿರಿ ಎಂದು ಅರ್ಥ. ಅಂಗೈ ತೆರೆದು ಕೆಳಗೆ ಹಿಡಿದರೆ ನಿಧಾನ. ಎರಡೂ ಕೈ ಬ್ರೇಕಿನ ಮೇಲಿರಬೇಕಾದ ಜಾಗದಲ್ಲಿ ಸನ್ನೆ ಬೇಡ, ಕೂಗಿದರೆ ಸಾಕು. ಕೇಳಿಸಿಕೊಂಡವರು ಹಿಂದಕ್ಕೆ ದಾಟಿಸಬೇಕು, ಇಲ್ಲವಾದರೆ ಸಂದೇಶ ನಾಲ್ಕನೆಯವರ ಬಳಿ ಸತ್ತುಹೋಗುತ್ತದೆ. ನಮ್ಮ ಸಾಲಿನಲ್ಲಿ ಕೂಗು ಕನ್ನಡದಲ್ಲಿ ಹೊರಟು, ನಡುವೆ ತುಳುವಾಗಿ, ಕೊನೆಗೆ ಕೊಂಕಣಿಯಾಗಿ ಬಾಲ ಮುಟ್ಟುವುದುಂಟು. ಗುಂಡಿ ಮಾತ್ರ ಎಲ್ಲ ಭಾಷೆಯಲ್ಲೂ ಒಂದೇ ಆಳ.

ಇನ್ನು ಈ ಊರಿನ ರಸ್ತೆಯ ವಿಶೇಷಗಳು. ಯಾವ ವಿದೇಶಿ ವಿಡಿಯೊದಲ್ಲಿಯೂ ಇವು ನಿಮಗೆ ಸಿಗುವುದಿಲ್ಲ.

ಮೀನಿನ ನೀರು. ಮಂಗಳೂರಿನ ಮೀನುಗಾರಿಕಾ ದಕ್ಕೆಯಿಂದ, ಮಲ್ಪೆಯಿಂದ ಬೆಳಗಿನ ಜಾವ ಹೊರಡುವ ಲಾರಿಗಳಿಂದ ಮಂಜುಗಡ್ಡೆ ಕರಗಿದ ನೀರು ರಸ್ತೆಗೆ ತೊಟ್ಟಿಕ್ಕುತ್ತದೆ. ಅದರಲ್ಲಿ ಮೀನಿನ ಎಣ್ಣೆ, ಲೋಳೆ. ಬಿಸಿಲೇರುವ ಮೊದಲು ಅದು ಬರೀ ಒದ್ದೆ ಗೆರೆಯಂತೆ ಕಾಣುತ್ತದೆ. ನಾನು ಒಮ್ಮೆ ಅದರ ಮೇಲೆ ತಿರುವಿನಲ್ಲಿ ಬ್ರೇಕು ಹಿಡಿದಿದ್ದೇನೆ. ಬಿದ್ದದ್ದು ತಿಳಿದದ್ದು ಬಿದ್ದ ಮೇಲೆಯೇ. ಜೆರ್ಸಿಯ ವಾಸನೆ ಮೂರು ಒಗೆತಕ್ಕೂ ಹೋಗಲಿಲ್ಲ. ತಿರುವಿನಲ್ಲಿ ಒದ್ದೆ ಗೆರೆ ಕಂಡರೆ, ಅದಕ್ಕಿಂತ ಮೊದಲು ಮೂಗಿಗೆ ಬಂದರೆ, ತಿರುವಿನ ಮುಂಚೆಯೇ ವೇಗ ಇಳಿಸಿ, ಗೆರೆಯ ಮೇಲೆ ಬ್ರೇಕು ಮುಟ್ಟಬೇಡಿ.

ಬಸ್ಸು. ಮಂಗಳೂರು–ಉಡುಪಿ ನಡುವಿನ ಎಕ್ಸ್‌ಪ್ರೆಸ್ ಬಸ್ಸುಗಳು ಸಮಯದ ವಿರುದ್ಧ ಓಡುತ್ತವೆ. ನಿಮ್ಮನ್ನು ಹಿಂದಿಕ್ಕಿದ ಬಸ್ಸು ಐವತ್ತು ಮೀಟರ್ ಮುಂದೆ ಎಡಕ್ಕೆ ನುಗ್ಗಿ ನಿಲ್ಲುತ್ತದೆ ಎಂದೇ ತಿಳಿದುಕೊಂಡು ತುಳಿಯಿರಿ. ನಿಂತ ಬಸ್ಸಿನ ಎಡಬದಿಯಿಂದ ದಾಟುವ ಯೋಚನೆಯನ್ನೇ ಮಾಡಬೇಡಿ. ಬಾಗಿಲು ಇರುವುದು ಆ ಕಡೆಗೆ, ಇಳಿಯುವವರು ಸೈಕಲ್ ನೋಡಿ ಇಳಿಯುವುದಿಲ್ಲ.

ಲಾರಿ. ಕೂಳೂರು ಸೇತುವೆಯಿಂದ ಪಣಂಬೂರು, ಬೈಕಂಪಾಡಿ ದಾಟುವವರೆಗೆ ಬಂದರಿನ ಲಾರಿ, ಟ್ಯಾಂಕರುಗಳದ್ದೇ ರಾಜ್ಯ. ಆ ತುಂಡನ್ನು ಆರು ಗಂಟೆಯೊಳಗೆ ದಾಟಿದರೆ ಒಳ್ಳೆಯದು, ಅಲ್ಲಿ ಒಬ್ಬರ ಪಕ್ಕ ಒಬ್ಬರು ತುಳಿಯುವುದು ಬೇಡ. ಸೇತುವೆಗಳ ಕಬ್ಬಿಣದ ಜೋಡಣೆಯನ್ನು ನೇರವಾಗಿ ದಾಟಿ, ಓರೆಯಾಗಿ ಹೋದರೆ ಸಪೂರ ಟಯರು ಸಿಕ್ಕಿಕೊಳ್ಳುತ್ತದೆ.

ಸರ್ವಿಸ್ ರಸ್ತೆಯಲ್ಲಿ ಎದುರು ದಿಕ್ಕಿನಿಂದ ಬರುವ ಸ್ಕೂಟರುಗಳು. ಇದಕ್ಕೆ ಪರಿಹಾರವಿಲ್ಲ, ನಿರೀಕ್ಷೆ ಮಾತ್ರ ಇದೆ.

ಇನ್ನೊಂದನ್ನು ಯಾರೂ ಹೇಳುವುದಿಲ್ಲ: ನವೆಂಬರಿನಿಂದ ಮೇ ತನಕ ಯಕ್ಷಗಾನ ಮೇಳಗಳ ತಿರುಗಾಟ. ರಾತ್ರಿಯಿಡೀ ಆಟ ನೋಡಿದವರು ಬೆಳಗಿನ ಜಾವ ನಿದ್ದೆಗಣ್ಣಿನಲ್ಲಿ ಬೈಕು, ಕಾರು ಹತ್ತುತ್ತಾರೆ. ನಾವು ಮನೆಯಿಂದ ಹೊರಡುವ ಹೊತ್ತೂ ಅದೇ. ಹಿಂದಿನ ಕೆಂಪು ದೀಪ ಉರಿಯುತ್ತಿದೆಯೇ ಎಂದು ಇಳಿದು ನೋಡಿ ಹೊರಡಿ.

ನಾಯಿ ಅಟ್ಟಿಸಿಕೊಂಡು ಬಂದರೆ ಕಾಲೆತ್ತಿ ಒದೆಯಲು ಹೋಗಿ ಬೀಳುವವರೇ ಹೆಚ್ಚು. ಸಾಲು ಬಿಡಿಸದೆ, ಜೋರಾಗಿ ಗದರಿಸಿ, ನೇರ ಸಾಗಿ.

8. ಹೊಟ್ಟೆ ಮತ್ತು ಬಾಟಲಿ

ಒಂದೂವರೆ ಗಂಟೆ ಮೀರುವ ಸವಾರಿಯಲ್ಲಿ ಹಸಿವಾಗುವವರೆಗೆ ಕಾಯಬಾರದು. ದೇಹದಲ್ಲಿ ಸಂಗ್ರಹವಾದ ಸಕ್ಕರೆ ಬರಿದಾದಾಗ ಕಾಲು ಸೋಲುತ್ತದೆ, ಕಣ್ಣು ಮಂಜಾಗುತ್ತದೆ, ಸಿಟ್ಟು ಬರುತ್ತದೆ. ಇದಕ್ಕೆ ಬಾಂಕ್ ಆಗುವುದು ಎನ್ನುತ್ತಾರೆ. ಹೊರಟು ಮುಕ್ಕಾಲು ಗಂಟೆಗೇ ತಿನ್ನಲು ಶುರುಮಾಡಿ. ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ ಲೆಕ್ಕ. ಎರಡು ಬಾಳೆಹಣ್ಣು, ಅಥವಾ ಒಂದು ಹಣ್ಣು ಮತ್ತು ನಾಲ್ಕು ಖರ್ಜೂರ. ದುಬಾರಿ ಜೆಲ್ ಪೊಟ್ಟಣಗಳಿಗಿಂತ ಬೆಲ್ಲದ ಚಿಕ್ಕಿ ನನ್ನ ಜೇಬಿಗೂ ಹೊಟ್ಟೆಗೂ ಹೊಂದಿದೆ.

ನಮ್ಮ ಸೆಕೆಯಲ್ಲಿ ಬೆವರು ಆರುವುದಿಲ್ಲ, ಇಳಿಯುತ್ತದೆ. ಗಂಟೆಗೆ ಅರ್ಧದಿಂದ ಮುಕ್ಕಾಲು ಲೀಟರ್ ನೀರು ಬೇಕು, ಮಾರ್ಚ್ ನಂತರ ಇನ್ನೂ ಹೆಚ್ಚು. ಒಂದು ಬಾಟಲಿಯಲ್ಲಿ ಬರೀ ನೀರು, ಇನ್ನೊಂದರಲ್ಲಿ ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರಿಗೆ ಎಂಬುದನ್ನು ಮರೆತು ಅರ್ಧ ಲೀಟರಿಗೆ ಸುರಿಯಬೇಡಿ. ದಾರಿಯಲ್ಲಿ ಬೊಂಡ, ಅಂದರೆ ಎಳನೀರು, ಸಿಕ್ಕಿದರೆ ನಿಲ್ಲಿ. ಆದರೆ ಅದರಲ್ಲಿ ಸೋಡಿಯಂ ಕಡಿಮೆ, ಉಪ್ಪು ಬೇರೆ ಕಡೆಯಿಂದ ಬರಬೇಕು.

ಎಣ್ಣೆಯಲ್ಲಿ ಕರಿದ ಬನ್ಸ್ ಮತ್ತು ಗೋಳಿಬಜೆಯ ವಿಷಯದಲ್ಲಿ ನಾನು ಕಠಿಣ. ಅರ್ಧ ದಾರಿಯಲ್ಲಿ ಎರಡು ಬನ್ಸ್ ತಿಂದವರು ಮಿಕ್ಕ ಅರ್ಧ ದಾರಿಯನ್ನು ಅದರ ಎಣ್ಣೆಯ ಜೊತೆ ಕಳೆಯುತ್ತಾರೆ. ನಡುವೆ ನಿಂತರೆ ಇಡ್ಲಿ ಅಥವಾ ನೀರುದೋಸೆ. ಬನ್ಸ್ ಮುಗಿದ ಮೇಲೆ, ಎಷ್ಟು ಬೇಕಾದರೂ.

9. ಉಪ್ಪು, ಮಳೆ, ತುಕ್ಕು

ಬಯಲುಸೀಮೆಯ ಸೈಕಲ್ಲು ಹತ್ತು ವರ್ಷ ಬಾಳಿದರೆ ನಮ್ಮದು ಐದರಲ್ಲಿ ಮುದಿಯಾಗುತ್ತದೆ. ಕಡಲ ಗಾಳಿಯ ಉಪ್ಪು ಒಂದು, ನಿಮ್ಮ ಬೆವರಿನ ಉಪ್ಪು ಇನ್ನೊಂದು. ಪ್ರತಿ ಸವಾರಿಯ ನಂತರ ಹ್ಯಾಂಡಲಿನ ಬುಡ, ಮೇಲ್ಭಾಗದ ಕೊಳವೆ, ತಿರುಪುಗಳ ತಲೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಆಮೇಲೆ ಒಣಬಟ್ಟೆ. ವರ್ಷಕ್ಕೊಮ್ಮೆ ಸೀಟಿನ ಕೊಳವೆಯನ್ನು ಹೊರಗೆಳೆದು ಗ್ರೀಸ್ ಹಚ್ಚಿ. ಇಲ್ಲದಿದ್ದರೆ ಅದು ಫ್ರೇಮಿನೊಳಗೇ ಹಿಡಿದುಕೊಂಡು ಸೈಕಲ್ ಮಾರುವ ದಿನದವರೆಗೂ ಬರುವುದಿಲ್ಲ. ಕಾರ್ಬನ್ ಫ್ರೇಮಿಗೆ ಗ್ರೀಸ್ ಬೇಡ, ಅದಕ್ಕೆ ಬೇರೆ ಪೇಸ್ಟ್ ಇದೆ.

ಚೈನಿಗೆ ಎಣ್ಣೆ ಸುರಿಯುವುದೇ ಸೇವೆ ಎಂದು ಹಲವರ ನಂಬಿಕೆ. ಹಳೆಯ ಮಸಿಯ ಮೇಲೆ ಹೊಸ ಎಣ್ಣೆ ಬಿದ್ದರೆ ಕೆಂಪುಕಲ್ಲಿನ ಧೂಳು ಅದಕ್ಕೆ ಅಂಟಿ ಅರೆಯುವ ಹಿಟ್ಟಾಗುತ್ತದೆ, ಚೈನು ಹಲ್ಲುಚಕ್ರವನ್ನೇ ತಿನ್ನುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ಷನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಅದ್ದಿ ಚೈನಿನ ನಾಲ್ಕೂ ಮೈ ಉಜ್ಜಿ, ಒರೆಸಿ, ಒಣಗಲು ಬಿಡಿ. ಡಿಸ್ಕ್ ಬ್ರೇಕಿನ ತಟ್ಟೆಗೆ ಒಂದು ಹನಿಯೂ ಹಾರಬಾರದು. ಆಮೇಲೆ ಪೆಡಲನ್ನು ಹಿಂದಕ್ಕೆ ತಿರುಗಿಸುತ್ತಾ ಪ್ರತಿ ಕೊಂಡಿಗೆ ಒಂದೇ ಹನಿ ಚೈನ್ ಎಣ್ಣೆ. ಹತ್ತು ನಿಮಿಷ ಬಿಟ್ಟು ಹೊರಗೆ ಉಳಿದದ್ದನ್ನೆಲ್ಲ ಒರೆಸಿ ತೆಗೆಯಿರಿ. ಎಣ್ಣೆ ಬೇಕಾದದ್ದು ಕೊಂಡಿಯ ಒಳಗೆ.

ಜೂನ್‌ನಿಂದ ಸೆಪ್ಟೆಂಬರ್ ತನಕ ತುಳಿಯುತ್ತೀರಾ ಎಂದು ಕೇಳುತ್ತಾರೆ. ತುಳಿಯುತ್ತೇವೆ, ಆದರೆ ಸಾಲು ಕಟ್ಟುವುದಿಲ್ಲ. ನೀರು ನಿಂತ ಜಾಗದ ಮೇಲೆ ಹೋಗಬೇಡಿ, ಅದರಡಿಯ ಗುಂಡಿಯ ಆಳ ಗುತ್ತಿಗೆದಾರರಿಗೂ ತಿಳಿಯದು. ಚಕ್ರದ ಅಂಚನ್ನೇ ಒತ್ತಿ ಹಿಡಿಯುವ ರಿಮ್ ಬ್ರೇಕು ಒದ್ದೆಯಾದಾಗ ಮೊದಲ ಒಂದೆರಡು ಸುತ್ತು ನೀರನ್ನು ಒರೆಸುವುದಕ್ಕೇ ಮುಗಿಯುತ್ತದೆ. ಬೇಗನೆ ಹಿಡಿಯಲು ಶುರುಮಾಡಿ. ಬಿಳಿ ಬಣ್ಣದ ಪಟ್ಟಿ, ಮ್ಯಾನ್‌ಹೋಲ್ ಮುಚ್ಚಳ, ಮರದ ನೆರಳಿನಡಿಯ ಪಾಚಿ, ಮೂರೂ ಜಾರಿಸುವ ಒಂದೇ ಜಾತಿಯವು. ಗುಡುಗು ಕೇಳಿಸಿದರೆ ಸವಾರಿ ಅಲ್ಲಿಗೇ ಮುಗಿಯಿತು.

10. ಯಾವ ದಾರಿ, ಯಾವಾಗ

ಮೊದಲ ತಿಂಗಳು ಸಮತಟ್ಟು. ಉಡುಪಿಯವರಿಗೆ ಮಲ್ಪೆ, ಪಡುಕೆರೆ, ಮಟ್ಟು ದಾಟಿ ಕಾಪುವಿಗೆ ಹೋಗುವ ಕಡಲಂಚಿನ ದಾರಿ ದೇವರು ಕೊಟ್ಟದ್ದು. ಒಂದು ಕಡೆ ಕಡಲು, ಏರಿಲ್ಲ, ಲಾರಿಯಿಲ್ಲ. ಕಾಪುವಿನ ದೀಪಸ್ತಂಭ, 1901ರದ್ದು, ಅದರ ಬುಡದಲ್ಲಿ ತಿರುಗಿ ವಾಪಸ್. ರಸ್ತೆ ಕಿರಿದು, ಮೀನುಗಾರರ ಮನೆಯಂಗಳ ಅದಕ್ಕೆ ತಾಗಿಯೇ ಇದೆ. ಅಲ್ಲಿ ರೇಸ್ ಬೇಡ. ಮಂಗಳೂರಿನವರು ಸುರತ್ಕಲ್ ದಾಟಿ ಮುಲ್ಕಿಯವರೆಗೆ, ಹೋಗಲು ಸುಮಾರು 30 ಕಿ.ಮೀ.

ಗಾಳಿಯ ಲೆಕ್ಕವೂ ಇದೆ. ಮಳೆಗಾಲ ಬಿಟ್ಟರೆ ಬೆಳಿಗ್ಗೆ ಗಾಳಿ ಕಡಿಮೆ, ಹೊತ್ತೇರಿದಂತೆ ಕಡಲಗಾಳಿ ವಾಯವ್ಯದಿಂದ ಏಳುತ್ತದೆ. ಮಂಗಳೂರಿನಿಂದ ಬೆಳಿಗ್ಗೆ ಉತ್ತರಕ್ಕೆ ಹೋದರೆ ಹಿಂದಿರುಗುವಾಗ ಅದು ಬೆನ್ನಿಗಿರುತ್ತದೆ. ದಕ್ಷಿಣಕ್ಕೆ ತಲಪಾಡಿಯ ಕಡೆ ಹೋದವರು ಹತ್ತು ಗಂಟೆಗೆ ಎದುರುಗಾಳಿಗೆ ಮುಖ ಕೊಟ್ಟು ಬರುತ್ತಾರೆ.

ಎರಡನೆಯ ತಿಂಗಳಿನಿಂದ ಏರು. ಉಡುಪಿಯಿಂದ ಮಣಿಪಾಲಕ್ಕೆ ಹತ್ತುವುದು ಸಾಕಷ್ಟು ಪಾಠ. ಮಂಗಳೂರಿನಿಂದ ಮೂಡುಬಿದಿರೆಯ ದಾರಿಯಲ್ಲಿ ಗುರುಪುರಕ್ಕೆ ಇಳಿದು ಕೈಕಂಬಕ್ಕೆ ಹತ್ತಿದರೆ ಮತ್ತೊಂದು. ಏರಿನಲ್ಲಿ ಸಾಲು ಬಿಡುತ್ತದೆ, ಪ್ರತಿಯೊಬ್ಬರೂ ತಮ್ಮ ಉಸಿರಿಗೆ ತಕ್ಕಂತೆ, ಮೇಲೆ ಹೋಗಿ ಕಾಯುವುದು. ಆಗುಂಬೆ ಘಾಟಿಯನ್ನು ಆರು ತಿಂಗಳಿಗೆ ಮೊದಲು ಮುಟ್ಟಬೇಡಿ ಎನ್ನುವುದು ಹತ್ತುವ ಕಷ್ಟಕ್ಕಲ್ಲ. ಘಾಟಿಯ ಬುಡದ ಸೋಮೇಶ್ವರದಿಂದ ನಿಧಾನವಾಗಿ ತುಳಿದರೆ ಹತ್ತಬಹುದು. ಆ 14 ಹೇರ್‌ಪಿನ್ ತಿರುವುಗಳನ್ನು ಇಳಿಯುವುದು ಕಷ್ಟ. ಇಳಿಯುವಾಗ ತಿರುವಿನ ಮೊದಲೇ ಎರಡೂ ಬ್ರೇಕು ಹಿಡಿದು ಬಿಡಿ, ತಿರುವಿನೊಳಗೆ ಬೇಡ. ಉದ್ದಕ್ಕೂ ಹಿಡಿದೇ ಇದ್ದರೆ ರಿಮ್ ಕಾದು ಟ್ಯೂಬು ಸಿಡಿಯಬಹುದು. ಹೊರಬದಿಯ ಪೆಡಲ್ ಕೆಳಗೆ, ಭಾರ ಅದರ ಮೇಲೆ, ಕಣ್ಣು ತಿರುವು ಮುಗಿಯುವಲ್ಲಿ. ಮಂಗಗಳಿಗೆ ಬಾಳೆಹಣ್ಣು ತೋರಿಸಬೇಡಿ.

11. ಸ್ಪರ್ಧೆ ಮತ್ತು ಬ್ರೆವೆ

ಆರು ತಿಂಗಳ ಮೇಲೆ ಎರಡು ದಾರಿ ತೆರೆಯುತ್ತವೆ. ಒಂದು ಸ್ಪರ್ಧೆ. ಟೈಮ್ ಟ್ರಯಲ್ ಎಂದರೆ ಒಬ್ಬೊಬ್ಬರನ್ನೇ ಅಂತರ ಕೊಟ್ಟು ಬಿಡುವುದು, ಅಲ್ಲಿ ಇನ್ನೊಬ್ಬರ ಮರೆ ಹಿಡಿದರೆ ದಂಡ. ರೋಡ್ ರೇಸಿನಲ್ಲಿ ಎಲ್ಲರೂ ಒಟ್ಟಿಗೆ ಹೊರಡುತ್ತಾರೆ, ಮರೆಯೇ ಅಲ್ಲಿ ಆಯುಧ. ಮೊದಲು ಟೈಮ್ ಟ್ರಯಲ್ ಮಾಡಿ. ರೋಡ್ ರೇಸಿನಲ್ಲಿ ಸೈಕಲ್ ಸ್ಪರ್ಧೆಗೆ ಹೆಸರಾದ ವಿಜಯಪುರ, ಬಾಗಲಕೋಟೆ ಕಡೆಯ ಹುಡುಗರು ಬಂದರೆ ಅವರ ಹಿಂದಿನ ಚಕ್ರ ಐದು ನಿಮಿಷ ಕಂಡರೂ ಸಂತೋಷಪಡಿ. ತಂಡ ನಿಮಗೆ ಡೊಮೆಸ್ಟಿಕ್ ಪಾತ್ರ ಕೊಡಬಹುದು. ಫ್ರೆಂಚ್ ಪದ, ಸೇವಕ ಎಂದು ಅರ್ಥ: ನಾಯಕನಿಗೆ ಗಾಳಿ ತಡೆಯುವುದು, ಅವನ ಟಯರು ಹೋದರೆ ನಿಮ್ಮ ಚಕ್ರ ಕೊಡುವುದು. ಬೇಸರಿಸಬೇಡಿ, ಹತ್ತಿರದಿಂದ ಕಲಿಯಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ.

ಇನ್ನೊಂದು ಬ್ರೆವೆ, ಕಾಲಮಿತಿಯೊಳಗೆ ಮುಗಿಸಬೇಕಾದ ದೂರದ ಸವಾರಿ. ಇಲ್ಲಿ ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಮರ್ಯಾದೆ. 200 ಕಿ.ಮೀ.ಗೆ 13 ಗಂಟೆ 30 ನಿಮಿಷ, 300ಕ್ಕೆ 20 ಗಂಟೆ, 400ಕ್ಕೆ 27, 600ಕ್ಕೆ 40. ಒಂದೇ ವರ್ಷದಲ್ಲಿ ನಾಲ್ಕನ್ನೂ ಮುಗಿಸಿದವರು ಸೂಪರ್ ರಾಂಡನರ್. ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ನಡೆಯುವ ಸುಮಾರು 1,200 ಕಿ.ಮೀ.ಯ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಸವಾರಿಗೆ ಹೋಗಬೇಕೆಂದರೆ ಅದೇ ವರ್ಷ ಈ ನಾಲ್ಕೂ ಬೇಕು. ಕಳೆದದ್ದು 2023ರಲ್ಲಿ ಆಯಿತು, ಮುಂದಿನದು 2027ಕ್ಕೆ.

200 ಕಿ.ಮೀ.ಗೆ ಹೆಸರು ಕೊಡುವ ಮೊದಲು ಒಂದೇ ದಿನ 120 ಕಿ.ಮೀ. ತುಳಿದಿರಿ. ಗಂಟೆಗೆ 15 ಕಿ.ಮೀ. ಸರಾಸರಿ ಸಾಕೆಂದು ಲೆಕ್ಕ ಹಾಕಿ ಹೋಟೆಲಿನಲ್ಲಿ ಮುಕ್ಕಾಲು ಗಂಟೆ ಕುಳಿತುಬಿಡುತ್ತಾರೆ. ಪಂಕ್ಚರ್, ಫೋಟೊ, ಊಟ, ನಿದ್ದೆ ಎಲ್ಲವೂ ಆ ಹದಿಮೂರೂವರೆ ಗಂಟೆಯೊಳಗೇ ಬರಬೇಕು. ಹಿಂದಿನಿಂದ ಕಾರಿನಲ್ಲಿ ಬಂದು ನೀರು ಕೊಡಲು ಮನೆಯವರಿಗೆ ಹೇಳಬೇಡಿ. ನಿಗದಿತ ತಪಾಸಣಾ ಜಾಗಗಳ ಹೊರಗೆ ಸಹಾಯ ಪಡೆದರೆ ಅನರ್ಹತೆ. ಕತ್ತಲಾದರೆ ದೀಪದ ಜೊತೆ ಪ್ರತಿಫಲಿಸುವ ಕವಚ ಕಡ್ಡಾಯ.

ತಪಾಸಣಾ ಜಾಗಗಳ ಗುರುತು ಮತ್ತು ಸಮಯ ಬರೆಸಿಕೊಳ್ಳಲು ಒಂದು ಕಾರ್ಡ್ ಕೊಟ್ಟರೆ ಅದನ್ನು ಹಾಲಿನ ತೊಟ್ಟೆ ತೊಳೆದು ಒಣಗಿಸಿ ಅದರೊಳಗೆ ಸುತ್ತಿ ಜೇಬಿಗಿಡಿ. ಕುಂದಾಪುರ ದಾಟಿ ಮರವಂತೆ ಮುಟ್ಟುವ ಹೊತ್ತಿಗೆ ಜೆರ್ಸಿಯ ಬೆನ್ನು ಪೂರ್ತಿ ಒದ್ದೆಯಾಗಿರುತ್ತದೆ, ಬಾಲ್ ಪೆನ್ನಿನ ಶಾಯಿ ಉಳಿದರೂ ಕಾಗದವೇ ಹರಿದು ಕೈಗೆ ಬರುತ್ತದೆ.